ಚಂಡಮಾರುತದ ಕಿಟಕಿ ಹೊಸಪೇಟೆಗೆ ಬೇಕೆ?

ಪ್ರಶ್ನೆ: ಹೊಸಪೇಟೆಯಲ್ಲಿ ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಅಮೆರಿಕದ ಫ್ಲಾರಿಡಾದಲ್ಲಿರುವ ನನ್ನ ತಂಗಿಯ ಮನೆಯ ಕಿಟಕಿಗಳಿಗೆ ಚಂಡಮಾರುತದ ಪೆಟ್ಟು ತಡೆಯುತ್ತವೆ ಎಂಬ ಪ್ರಮಾಣಪತ್ರವಿದೆಯಂತೆ. ಇಲ್ಲಿಯೂ ಒಬ್ಬ ವ್ಯಾಪಾರಿ ‘ಸೈಕ್ಲೋನ್ ಪ್ರೂಫ್’ ಕಿಟಕಿ ತರಿಸಿಕೊಡುತ್ತೇನೆ, ಬೆಲೆ ಜಾಸ್ತಿ ಎನ್ನುತ್ತಿದ್ದಾರೆ. ಕಂಪ್ಲಿ ಹತ್ತಿರದ ನಮ್ಮ ಮಾವನವರ ತೋಟದ ಮನೆಯ ತಗಡು ಹೋದ ಬೇಸಿಗೆಯ ಗಾಳಿಮಳೆಗೆ ಹಾರಿಹೋಯಿತು. ಆ ಪ್ರಮಾಣಪತ್ರದ ಅರ್ಥವೇನು? ನಮ್ಮ ಊರಿಗೆ ಅಂಥ ಕಿಟಕಿ ಬೇಕೆ?
— ಓದುಗರೊಬ್ಬರು, ಹೊಸಪೇಟೆ

ಉತ್ತರ: ನಿಮ್ಮ ತಂಗಿಯ ಮನೆಯ ಕಿಟಕಿಯಂಥದ್ದು ಹೊಸಪೇಟೆಗೆ ಬೇಕಿಲ್ಲ. ಆದರೆ ಅದನ್ನು ಪರೀಕ್ಷೆ ಮಾಡುವವರು ಕಲಿತ ಪಾಠ ನಿಮ್ಮ ಹೊಸ ಮನೆಗೂ ಬೇಕು, ಮಾವನವರ ತಗಡಿನ ಮನೆಗೆ ಇನ್ನೂ ಹೆಚ್ಚು ಬೇಕು. ಗಾಳಿಗೆ ಮನೆ ಸೋಲುವುದು ಹೆಚ್ಚಾಗಿ ಹಿಡಿತ ಸಡಿಲವಿರುವ ಕಡೆ: ಗಾಜನ್ನು ಚೌಕಟ್ಟು ಹಿಡಿದ ಕಡೆ, ಚೌಕಟ್ಟನ್ನು ಗೋಡೆ ಹಿಡಿದ ಕಡೆ, ತಗಡನ್ನು ತೊಲೆ ಹಿಡಿದ ಕಡೆ. ಇದೇ ಆ ಪಾಠ.

ಮೊದಲು ಪ್ರಮಾಣಪತ್ರದ ಕಥೆ. 1992ರ ಆಗಸ್ಟ್ 24ರಂದು ‘ಆಂಡ್ರ್ಯೂ’ ಎಂಬ ಚಂಡಮಾರುತ ಫ್ಲಾರಿಡಾದ ದಕ್ಷಿಣಕ್ಕೆ, ಮಯಾಮಿ ನಗರವಿರುವ ಡೇಡ್ ಕೌಂಟಿಗೆ ಅಪ್ಪಳಿಸಿತು. ಅಲ್ಲಿ ಸುಮಾರು 25 ಸಾವಿರ ಮನೆಗಳು ನಾಶವಾದವು, ಲಕ್ಷದಷ್ಟು ಮನೆಗಳಿಗೆ ಹಾನಿಯಾಯಿತು. ಬಿದ್ದ ಮನೆಗಳನ್ನು ಎಂಜಿನಿಯರುಗಳು ಒಂದೊಂದಾಗಿ ನೋಡುತ್ತ ಹೋದಾಗ ಒಂದೇ ಕ್ರಮ ಮತ್ತೆ ಮತ್ತೆ ಕಂಡಿತು. ಪಕ್ಕದ ಮನೆಯ ಚಾವಣಿಯಿಂದ ಕಿತ್ತುಬಂದ ಹಲಗೆಯೋ ಹಂಚೋ ಕಿಟಕಿಗೆ ಬಡಿದಿದೆ, ಇಲ್ಲವೇ ಕಾರು ನಿಲ್ಲಿಸುವ ಕೋಣೆಯ ಅಗಲ ಬಾಗಿಲು ಒಳಕ್ಕೆ ಮಡಚಿದೆ. ಆ ಕಂಡಿಯಿಂದ ಗಾಳಿ ನುಗ್ಗಿದೆ. ಆಮೇಲೆ ಚಾವಣಿ ಎದ್ದಿದೆ. ಎದ್ದ ಚಾವಣಿಯ ತುಂಡು ಮುಂದಿನ ಮನೆಯ ಕಿಟಕಿಗೆ ಹೋಗಿ ಬಡಿದಿದೆ.

ಕಿಟಕಿ ಒಡೆದರೆ ಚಾವಣಿ ಏಕೆ ಏಳಬೇಕು? ಗಾಳಿ ಮನೆಯ ಮೇಲೆ ಹಾದುಹೋಗುವಾಗ ಚಾವಣಿಯನ್ನು ಹೊರಗಿನಿಂದ ಮೇಲಕ್ಕೆ ಸೆಳೆಯುತ್ತಿರುತ್ತದೆ. ಕಿಟಕಿ ಬಾಗಿಲು ಮುಚ್ಚಿದ್ದರೆ ಒಳಗಿನ ಒತ್ತಡ ಹೆಚ್ಚೇನೂ ಏರುವುದಿಲ್ಲ. ಗಾಳಿಗೆ ಎದುರಾದ ಕಿಟಕಿ ಕಿತ್ತುಹೋದ ಗಳಿಗೆಗೆ ಒಳಗೆ ತುಂಬಿದ ಗಾಳಿ ಕೆಳಗಿನಿಂದ ಒತ್ತತೊಡಗುತ್ತದೆ. ಮೇಲಿನ ಸೆಳೆತ, ಕೆಳಗಿನ ಒತ್ತು ಎರಡೂ ಒಂದೇ ದಿಕ್ಕಿಗೆ ಕೂಡಿಕೊಳ್ಳುತ್ತವೆ. ನಮ್ಮ ದೇಶದ ಗಾಳಿಯ ಸಂಹಿತೆ ಐಎಸ್ 875 (ಭಾಗ 3) ಇದನ್ನೇ ಅಂಕೆಯಲ್ಲಿ ಹೇಳುತ್ತದೆ. ಗೋಡೆಯಲ್ಲಿ ತೆರೆದ ಜಾಗ ನೂರಕ್ಕೆ ಐದಕ್ಕಿಂತ ಕಡಿಮೆಯಿದ್ದರೆ ಒಳಒತ್ತಡದ ಗುಣಕ 0.2; ಇಪ್ಪತ್ತು ದಾಟಿದರೆ 0.7. ಒಂದು ದೊಡ್ಡ ಕಿಟಕಿ ಹೋದರೆ ಒಳಗಿನ ಒತ್ತಡ ಮೂರೂವರೆ ಪಟ್ಟು ಏರಬಹುದು ಎಂದು ಇದರರ್ಥ. ಒಂದು ಕಿಟಕಿ ಉಳಿದರೆ ಚಾವಣಿ ಉಳಿಯುತ್ತದೆ, ಚಾವಣಿ ಉಳಿದರೆ ಮನೆ ಉಳಿಯುತ್ತದೆ ಎಂಬ ನಂಬಿಕೆಯ ಮೇಲೆ ಮಯಾಮಿಯವರು 1994ರಲ್ಲಿ ತಮ್ಮ ಕಟ್ಟಡ ನಿಯಮವನ್ನು ಬದಲಿಸಿದರು.

ಅವರ ಪರೀಕ್ಷೆ ಹೀಗಿದೆ. ಕಿಟಕಿಯನ್ನು ಗಾಜು, ಚೌಕಟ್ಟು, ಬೀಗ, ತಿರುಪು ಎಲ್ಲದರ ಸಮೇತ ಮನೆಯಲ್ಲಿ ಕೂರಿಸುವಂತೆಯೇ ಕೂರಿಸುತ್ತಾರೆ. 9 ಪೌಂಡು, ಅಂದರೆ ಸುಮಾರು 4.1 ಕಿಲೋ ತೂಕದ ಮರದ ರೀಪನ್ನು ಗಾಳಿಯ ಫಿರಂಗಿಯಿಂದ ಸೆಕೆಂಡಿಗೆ 50 ಅಡಿ ವೇಗದಲ್ಲಿ ಹೊಡೆಯುತ್ತಾರೆ. ಗಂಟೆಗೆ ಸುಮಾರು 55 ಕಿಲೋಮೀಟರ್ ಎನ್ನಿ. ಅದೇ ರೀಪು ಸುಮಾರು 12 ಮೀಟರ್ ಎತ್ತರದಿಂದ, ಮೂರು ಮಹಡಿಯ ಮಾಳಿಗೆಯ ಮೇಲಿಂದ, ನೆಟ್ಟಗೆ ಬಿದ್ದರೆ ಎಷ್ಟು ಪೆಟ್ಟೋ ಅಷ್ಟು ಪೆಟ್ಟು. ಒಂದು ಹೊಡೆತ ಗಾಜಿನ ನಡುವಿಗೆ, ಇನ್ನೊಂದು ಮೂಲೆಗೆ. ಮೂಲೆಗೆ ಹೊಡೆಯುವುದು ಗಾಜನ್ನು ಚೌಕಟ್ಟು ಎಷ್ಟು ಗಟ್ಟಿಯಾಗಿ ಕಚ್ಚಿದೆ ಎಂದು ನೋಡಲಿಕ್ಕೆ.

ಪರೀಕ್ಷೆ ಅಲ್ಲಿಗೆ ಮುಗಿಯುವುದಿಲ್ಲ, ನನ್ನ ಕಣ್ಣಿಗೆ ಅದರ ಅಸಲಿ ಭಾಗ ಅಲ್ಲಿಂದಲೇ ಶುರು. ಪೆಟ್ಟು ತಿಂದು ಬಿರಿದ ಅದೇ ಕಿಟಕಿಯನ್ನು ಗಾಳಿಯ ಒತ್ತಡದಿಂದ ಒಳಕ್ಕೆ ತಳ್ಳುತ್ತಾರೆ, ಹೊರಕ್ಕೆ ಎಳೆಯುತ್ತಾರೆ. ಅಮೆರಿಕದ ಉಳಿದ ಕರಾವಳಿಯಲ್ಲಿ ಬಳಸುವ ಎಎಸ್‌ಟಿಎಮ್ ಮಾನದಂಡದಲ್ಲಿ ಒಳಕ್ಕೆ 4,500, ಹೊರಕ್ಕೆ 4,500, ಒಟ್ಟು 9,000 ಸಲ. ಚಂಡಮಾರುತ ಒಂದೇ ಏಟಿಗೆ ಹೊರಟುಹೋಗುವುದಿಲ್ಲವಲ್ಲ. ಗಂಟೆಗಟ್ಟಲೆ ಬೀಸುತ್ತದೆ, ನಡುವೆ ದಿಕ್ಕು ತಿರುಗಿಸುತ್ತದೆ. ಗಾಜು ಬಿರುಕು ಬಿಟ್ಟರೂ ಪರವಾಗಿಲ್ಲ, ಜಾಗ ಬಿಡಬಾರದು. ಮೂರಂಗುಲ ವ್ಯಾಸದ ಗುಂಡು ತೂರುವಷ್ಟು ತೂತು ಬಿದ್ದರೆ ಆ ಕಿಟಕಿ ಫೇಲು. ಐದು ಅಂಗುಲಕ್ಕಿಂತ ಉದ್ದದ ಸೀಳು ಬಾಯಿ ತೆರೆದರೂ ಮಯಾಮಿಯವರು ಒಪ್ಪುವುದಿಲ್ಲ.

ಮೂವತ್ತು ಅಡಿಗಿಂತ ಮೇಲಿನ ಕಿಟಕಿಗಳಿಗೆ ಪರೀಕ್ಷೆ ಬೇರೆ. ಅಷ್ಟು ಎತ್ತರಕ್ಕೆ ಮರದ ತುಂಡು ಹಾರುವುದು ಕಡಿಮೆ, ಸಣ್ಣ ಕಲ್ಲು ಹಾರುತ್ತದೆ. 1983ರಲ್ಲಿ ‘ಅಲಿಸಿಯಾ’ ಚಂಡಮಾರುತ ಬಂದಾಗ ಹ್ಯೂಸ್ಟನ್ ನಗರದ ಬಹುಮಹಡಿ ಕಟ್ಟಡಗಳ ಗಾಜುಗಳನ್ನು ಒಡೆದದ್ದರಲ್ಲಿ ಅಕ್ಕಪಕ್ಕದ ತಾರಸಿಗಳ ಮೇಲೆ ಹರಡಿದ್ದ ಜಲ್ಲಿಯ ಪಾಲು ದೊಡ್ಡದು. ಅದಕ್ಕಾಗಿ ಮೇಲಿನ ಮಹಡಿಯ ಗಾಜಿಗೆ ಎರಡೆರಡು ಗ್ರಾಮಿನ ಉಕ್ಕಿನ ಗುಂಡುಗಳನ್ನು ಹೊಡೆದು ನೋಡುತ್ತಾರೆ.

ಇಷ್ಟನ್ನೆಲ್ಲ ತಾಳುವ ಗಾಜು ಯಾವುದು? ಸಾದಾ ಗಾಜು ಚೂರಿಯಂಥ ಚೂರುಗಳಾಗಿ ಒಡೆಯುತ್ತದೆ. ಟಫನ್ಡ್ ಗಾಜು ಅದಕ್ಕಿಂತ ನಾಲ್ಕೈದು ಪಟ್ಟು ಗಟ್ಟಿ, ಆದರೆ ಒಡೆದರೆ ಕಾಳು ಕಾಳಾಗಿ ಇಡಿಯಾಗಿ ಉದುರಿ ಕಿಟಕಿ ಬಟಾಬಯಲಾಗುತ್ತದೆ. ಮೈಗೆ ಗಾಯವಾಗದಂತೆ ನೋಡಿಕೊಳ್ಳಲು ಅದು ಒಳ್ಳೆಯದು; ಗಾಳಿಯನ್ನು ಹೊರಗಿಡಲು ಸಾಲದು. ಲ್ಯಾಮಿನೇಟೆಡ್ ಗಾಜಿನಲ್ಲಿ ಎರಡು ಹಾಳೆಗಳ ನಡುವೆ ಪಿವಿಬಿ ಎಂಬ ಜಿಗುಟಾದ ಪಾರದರ್ಶಕ ಪದರವಿರುತ್ತದೆ. ಕಾರಿನ ಮುಂದಿನ ಗಾಜು ಈ ಜಾತಿಯದು. ಕಲ್ಲು ಬಡಿದರೆ ಜೇಡರ ಬಲೆಯ ಹಾಗೆ ಬಿರಿಯುತ್ತದೆ, ಉದುರುವುದಿಲ್ಲ. ಚಂಡಮಾರುತದ ಕಿಟಕಿಗಳಲ್ಲಿ ಇದೇ ಗಾಜನ್ನು ದಪ್ಪ ಪದರದೊಡನೆ ಬಳಸಿ, ಅಂಚನ್ನು ಸಿಲಿಕೋನಿನಿಂದ ಚೌಕಟ್ಟಿಗೆ ಅಂಟಿಸುತ್ತಾರೆ.

ಇನ್ನು ನಮ್ಮ ಊರಿನ ಗಾಳಿಯ ಲೆಕ್ಕ. ಹೊಸಪೇಟೆಯಿಂದ ಅರಬ್ಬೀ ಸಮುದ್ರ ಇನ್ನೂರು ಕಿಲೋಮೀಟರಿಗೂ ದೂರ, ನಡುವೆ ಸಹ್ಯಾದ್ರಿ. ಬಂಗಾಳ ಕೊಲ್ಲಿ ಸುಮಾರು 400 ಕಿಲೋಮೀಟರ್ ದೂರ. ಚಂಡಮಾರುತದ ಬಲಕ್ಕೆ ಬೆಚ್ಚನೆಯ ಕಡಲನೀರೇ ಆಹಾರ; ನೆಲ ಮುಟ್ಟಿದ ಮೇಲೆ ಅದು ಬಳಲುತ್ತದೆ. ನಮ್ಮ ಕಡೆಗೆ ಬರುವ ಹೊತ್ತಿಗೆ ಅದರಲ್ಲಿ ಮಳೆ ಉಳಿದಿರುತ್ತದೆ, ಗಾಳಿಯ ಬಹುಪಾಲು ಇಳಿದಿರುತ್ತದೆ. ಐಎಸ್ 875 ದೇಶವನ್ನು ಗಾಳಿಯ ಮೂಲವೇಗದ ಮೇಲೆ ಸೆಕೆಂಡಿಗೆ 33, 39, 44, 47, 50, 55 ಮೀಟರ್ ಎಂದು ಆರು ವಲಯಗಳಾಗಿ ಹಂಚಿದೆ. ಅದರ ಪಟ್ಟಿಯಲ್ಲಿ ಬೆಂಗಳೂರು, ಮೈಸೂರು 33ರಲ್ಲಿವೆ. ಮಂಗಳೂರು, ಕರ್ನೂಲು 39ರಲ್ಲಿ. ಚೆನ್ನೈ, ನೆಲ್ಲೂರು, ವಿಶಾಖಪಟ್ಟಣ 50ರಲ್ಲಿ.

ನಮಗೆ ಪೂರ್ವದ ಕರ್ನೂಲಿನ 39ನ್ನೇ ಹಿಡಿದು ಲೆಕ್ಕ ಹಾಕೋಣ. ಅದು ಗಂಟೆಗೆ 140 ಕಿಲೋಮೀಟರ್. ಬಯಲಿನಲ್ಲಿ, ಹತ್ತು ಮೀಟರ್ ಎತ್ತರದಲ್ಲಿ, ಐವತ್ತು ವರ್ಷಕ್ಕೊಮ್ಮೆ ಬರಬಹುದಾದ ಮೂರು ಸೆಕೆಂಡಿನ ಬೀಸು. ಅದು ಒಂದು ಚದರ ಮೀಟರಿನ ಮೇಲೆ ಹಾಕುವ ಒತ್ತಡ ಸುಮಾರು 93 ಕಿಲೋ ಭಾರಕ್ಕೆ ಸಮ. ನಾಲ್ಕು ಅಡಿಗೆ ನಾಲ್ಕು ಅಡಿಯ ಕಿಟಕಿಯ ಮೇಲೆ ಸುಮಾರು 138 ಕಿಲೋ. ಹವಾಮಾನ ಇಲಾಖೆಯ ಬೇಸಿಗೆಯ ಎಚ್ಚರಿಕೆಗಳಲ್ಲಿ ನಾವು ಮತ್ತೆ ಮತ್ತೆ ಓದುವ 50-60 ಕಿಲೋಮೀಟರ್ ವೇಗದ ಗಾಳಿಯಾದರೆ ಚದರ ಮೀಟರಿಗೆ 17 ಕಿಲೋ ಮಾತ್ರ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ. ಪ್ರತಿ ವರ್ಷದ ಗಾಳಿಗೆ ಅಲುಗದೆ ನಿಂತ ಮನೆ ಐವತ್ತು ವರ್ಷದ ಗಾಳಿಗೂ ನಿಂತೀತು ಎಂದು ನೆಚ್ಚಿ ಕೂರಬಾರದು ಎನ್ನುವುದು ಇದಕ್ಕೇ.

ಮಯಾಮಿಯಂತೆ ಪ್ರತಿ ಮನೆಯ ಕಿಟಕಿಗೂ ಮರದ ತುಂಡಿನ ಪೆಟ್ಟು ಕಡ್ಡಾಯ ಎಂಬ ನಿಯಮ ನಮ್ಮಲ್ಲಿಲ್ಲ. ಸುರಕ್ಷತಾ ಗಾಜಿಗೆ ಐಎಸ್ 2553 ಇದೆ, ಕಟ್ಟಡದಲ್ಲಿ ಗಾಜಿನ ಬಳಕೆಗೆ ಐಎಸ್ 16231 ಇದೆ, ಚಂಡಮಾರುತದ ಸೀಮೆಯ ಕಡಿಮೆ ಎತ್ತರದ ಮನೆಗಳಿಗೆ ಐಎಸ್ 15498 ಎಂಬ ಮಾರ್ಗಸೂಚಿ ಇದೆ. ಹಾಗಾಗಿ ‘ಸೈಕ್ಲೋನ್ ಪ್ರೂಫ್’ ಎಂಬ ಮಾತನ್ನು ಕೇಳಿದರೆ, ಯಾವ ಮಾನದಂಡ, ಯಾವ ಪ್ರಯೋಗಾಲಯ, ಯಾವ ಅಳತೆಯ ಕಿಟಕಿ ಎಂದು ಕೇಳಿ, ವರದಿಯ ಪ್ರತಿ ಪಡೆಯಿರಿ. ಮೂರಡಿಯ ಕಿಟಕಿ ಪಾಸಾದರೆ ಆರಡಿಯದು ಪಾಸಾದಂತಲ್ಲ. ವರದಿಯಲ್ಲಿ ಎಷ್ಟು ತಿರುಪು, ಎಷ್ಟು ಅಂತರದಲ್ಲಿ, ಎಂಥ ಗೋಡೆಗೆ ಎಂದು ಬರೆದಿರುತ್ತದೆ. ಅದಕ್ಕಿಂತ ಕಡಿಮೆ ಹಾಕಿ ಕೂರಿಸಿದರೆ ಆ ಕಾಗದ ನಿಮ್ಮ ಕಿಟಕಿಗೆ ಸೇರಿದ್ದೇ ಅಲ್ಲ.

ಹಿಡಿತದ ಮಾತು ನಮ್ಮ ಭಾಗದವರಿಗೆ ಹೊಸದಾಗಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ತುಂಡಾದದ್ದು ಅದನ್ನು ಹಿಡಿದಿದ್ದ ಚೈನಿನ ಕೊಂಡಿ. 60 ಅಡಿ ಅಗಲದ ಉಕ್ಕಿನ ಬಾಗಿಲು ತನ್ನ ಬಲದಿಂದ ನಿಂತಿರಲಿಲ್ಲ, ಕೊಂಡಿಯ ಬಲದಿಂದ ನಿಂತಿತ್ತು. ಕೊಂಡಿ ಹೋಯಿತು, ಬಾಗಿಲೂ ಹೋಯಿತು. ಆ ವಾರವಿಡೀ ಕಂಪ್ಲಿಯಿಂದ ಕೆಳಗಿನ ಹೊಳೆದಂಡೆಯ ಜನ ಏನು ಅನುಭವಿಸಿದರು ಎಂಬುದು ನಿಮಗೆ ಗೊತ್ತು.

ಬಾಗಿಲಿಗೆ ಪೆಟ್ಟು ಬೀಳುತ್ತದೆ ಎಂದು ಎಣಿಸಿ ಕಟ್ಟಿದವರೂ ನಮ್ಮಲ್ಲಿದ್ದರು. ಹಂಪಿಯ ಕೋಟೆಯ ಭೀಮನ ಬಾಗಿಲನ್ನು ಹೊಕ್ಕು ನೋಡಿ. ದಾರಿ ನೇರ ಹೋಗುವುದಿಲ್ಲ, ಒಳಗೆ ತಿರುವಿದೆ. ಆನೆಯಾಗಲಿ, ಕುದುರೆಯ ದಂಡಾಗಲಿ ಓಡಿಬಂದು ಗುದ್ದಲು ಬೇಕಾದ ನೇರ ದಾರಿ ಅಲ್ಲಿ ಸಿಗದು. ಪೆಟ್ಟನ್ನು ತಾಳುವ ಮೊದಲು ಪೆಟ್ಟಿನ ವೇಗವನ್ನೇ ಕಡಿಮೆ ಮಾಡುವ ಜಾಣ್ಮೆ ಅದು. ಮಹಾನವಮಿ ದಿಬ್ಬದ ಬಳಿ ಮಲಗಿರುವ ಎರಡು ಕಲ್ಲಿನ ಕದಗಳನ್ನೂ ನೋಡಿರುತ್ತೀರಿ. ಒಂದೇ ಕಲ್ಲಿನಲ್ಲಿ ಕಡೆದ ಅಂಥ ಕದವನ್ನು ಹೊರುವುದು ಪಕ್ಕದಲ್ಲಿ ಬಡಿದ ಮೊಳೆಯಲ್ಲ. ಮೇಲೂ ಕೆಳಗೂ ಚಾಚಿದ ತಿರುಗಣಿ ಗೂಟ. ಭಾರವೆಲ್ಲ ನೆಲಕ್ಕೆ, ತೊಲೆಗೆ. ನಮ್ಮ ಹಳೆಯ ಮನೆಗಳಲ್ಲೂ ಕದದ ಹಿಂದೆ ಗೋಡೆಯಿಂದ ಗೋಡೆಗೆ ಅಡ್ಡ ಸೇರುವ ಮರದ ಅಗುಳಿ ಇರುತ್ತಿತ್ತು. ಕದದ ಮೇಲೆ ಬಿದ್ದ ನೂಕು ಆ ಅಗುಳಿಯ ಮೂಲಕ ಎರಡೂ ಕಡೆಯ ದಪ್ಪ ಗೋಡೆಗೆ ಹಂಚಿಹೋಗುತ್ತಿತ್ತು. ಇಂದು ಅದೇ ನೂಕನ್ನು ಎರಡು ಅಂಗುಲದ ಚಿಲಕ, ಮುಕ್ಕಾಲು ಅಂಗುಲದ ತಿರುಪಿನ ಮೇಲೆ ಬಿಟ್ಟಿದ್ದೇವೆ.

ಈಗ ನಿಮ್ಮ ಮನೆಯ ಕೆಲಸ. ಕಿಟಕಿಯ ಅಗಲ ಹೆಚ್ಚಿದ್ದರೆ ಒಂದೇ ದೊಡ್ಡ ಗಾಜಿನ ಬದಲು ನಡುವೆ ಕಂಬಿ ಕೊಟ್ಟು ಚಿಕ್ಕ ಗಾಜುಗಳಾಗಿ ಹಂಚಿಸಿ. ನೆಲಮಟ್ಟದಿಂದ ಎದ್ದ ಗಾಜು, ಮೆಟ್ಟಿಲ ಬಳಿಯ ಎತ್ತರದ ಗಾಜು, ಮಕ್ಕಳು ಮಲಗುವ ಕೋಣೆಯ ಗಾಳಿಗೆ ಎದುರಾದ ಗಾಜು, ಇಷ್ಟಕ್ಕೆ ಲ್ಯಾಮಿನೇಟೆಡ್ ಹಾಕಿಸಿ. ಉಳಿದ ಕಡೆ ಐಎಸ್‌ಐ ಗುರುತಿನ ಟಫನ್ಡ್ ಗಾಜು ಸಾಕು. ಸರಿಯಾದ ಸಜ್ಜಾ, ಹೊರಗೆ ಗಟ್ಟಿ ಸರಳು ಇದ್ದರೆ ಹಾರಿಬಂದ ಕೊಂಬೆಯ ಅರ್ಧ ಪೆಟ್ಟು ಅಲ್ಲೇ ಸಾಯುತ್ತದೆ.

ಗಾಜಿಗಿಂತ ಹೆಚ್ಚು ಗಮನ ಚೌಕಟ್ಟಿಗೆ ಕೊಡಿ. ಯುಪಿವಿಸಿ, ಅಲ್ಯೂಮಿನಿಯಂ ಕಿಟಕಿಗಳನ್ನು ಗಾರೆ ಮುಗಿದ ಮೇಲೆ ತಂದು ಕೂರಿಸುವುದು ರೂಢಿ. ತಿರುಪು ಗಾರೆಯನ್ನಷ್ಟೇ ಹಿಡಿದು ನಿಂತರೆ, ಅಥವಾ ಟೊಳ್ಳು ಸಿಮೆಂಟ್ ಇಟ್ಟಿಗೆಯ ಟೊಳ್ಳಿಗೆ ಹೋದರೆ, ಒಳ್ಳೆಯ ಗಾಜಿನ ಕಿಟಕಿಯೂ ಇಡಿಯಾಗಿ ಕಿತ್ತುಬರುತ್ತದೆ. ಕಿಟಕಿಯ ಸುತ್ತ ಗಟ್ಟಿ ಇಟ್ಟಿಗೆಯೋ ಕಾಂಕ್ರೀಟೋ ಇರುವಂತೆ ಈಗಲೇ ಗೌಂಡಿಗೆ ಹೇಳಿ. ಮೂಲೆಯಿಂದ ಆರರಿಂದ ಹತ್ತು ಅಂಗುಲದೊಳಗೆ ಮೊದಲ ತಿರುಪು ಬರಲಿ; ಆಮೇಲೆ ಎರಡಡಿಗೊಂದರಂತೆ ನಾಲ್ಕೂ ಬದಿಗೆ ಬರಲಿ. ಮರದ ಚೌಕಟ್ಟಾದರೆ ಗೋಡೆಯೊಳಗೆ ಕಾಂಕ್ರೀಟಿನಲ್ಲಿ ಹೂತ ಹೋಲ್ಡ್‌ಫಾಸ್ಟ್ ಪ್ರತಿ ಬದಿಗೂ ಇರಲಿ. ತಿರುಪು ಹೊಡೆಯುವ ದಿನ ನೀವು ಅಲ್ಲಿ ನಿಂತಿರಿ. ಆಮೇಲೆ ಅದು ಸಿಲಿಕೋನಿನ ಹಿಂದೆ ಮರೆಯಾಗುತ್ತದೆ.

ಬಾಗಿಲು ಒಳಕ್ಕೆ ತೆರೆಯುವುದು ನಮ್ಮ ಪದ್ಧತಿ. ಹಾಗಾದರೆ ಗಾಳಿಯ ನೂಕೆಲ್ಲ ಚಿಲಕಕ್ಕೂ ಕೀಲಿಗೂ ಬೀಳುತ್ತದೆ. ಹೊರಕ್ಕೆ ತೆರೆಯುವ ಬಾಗಿಲನ್ನಾದರೆ ಗಾಳಿಯೇ ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ಹಾಗಾಗಿ ಚಂಡಮಾರುತದ ಸೀಮೆಯವರು ಅದನ್ನು ಮೆಚ್ಚುತ್ತಾರೆ. ನೀವು ತಲೆಬಾಗಿಲಿನ ದಿಕ್ಕು ಬದಲಿಸಬೇಕಿಲ್ಲ. ಮೇಲೊಂದು, ಕೆಳಗೊಂದು ಉದ್ದನೆಯ ಚಿಲಕ ಚೌಕಟ್ಟಿನೊಳಕ್ಕೂ ನೆಲಕ್ಕೂ ಇಳಿಯಲಿ, ಕೀಲು ಮೂರರ ಬದಲು ನಾಲ್ಕಿರಲಿ. ತಾರಸಿಯ ಬಾಗಿಲಿಗೆ ಇದು ಇನ್ನೂ ಮುಖ್ಯ, ಗಾಳಿ ಮೊದಲು ತಟ್ಟುವುದು ಅದನ್ನೇ. ಕೆಳಗೆ ಅಂಗಡಿ ಇದ್ದರೆ ಅಗಲದ ರೋಲಿಂಗ್ ಶಟರ್ ಫ್ಲಾರಿಡಾದಲ್ಲಿ ಕಾರು ನಿಲ್ಲಿಸುವ ಕೋಣೆಯ ಬಾಗಿಲಿನ ತಮ್ಮನಿದ್ದಂತೆ. ನಡುವೆ ತೆಗೆದು ಹಾಕುವ ಕಂಬವೊಂದನ್ನು ಕೊಡಿಸಿ.

ಎರಡು ತಪ್ಪು ನಂಬಿಕೆಗಳನ್ನು ಬಿಡಿ. ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸಿದರೆ ಗಾಜು ಗಟ್ಟಿಯಾಗುವುದಿಲ್ಲ. ಒತ್ತಡ ಸರಿಹೋಗಲೆಂದು ಒಂದು ಕಿಟಕಿ ತೆರೆದಿಡುವುದು ಗಾಳಿಯನ್ನು ಕೈಹಿಡಿದು ಒಳಗೆ ಕರೆದಂತೆ. ಬಿರುಗಾಳಿಗೆ ಎಲ್ಲ ಕಿಟಕಿ ಬಾಗಿಲು ಮುಚ್ಚಿ, ಒಳಕೋಣೆಯ ಬಾಗಿಲನ್ನೂ ಮುಚ್ಚಿ, ಗಾಜಿನಿಂದ ದೂರ ಕೂರಿ.

ಮಾವನವರ ತೋಟದ ಮನೆಯ ಬಗ್ಗೆ ನನಗೆ ನಿಮ್ಮ ಹೊಸ ಮನೆಗಿಂತ ಹೆಚ್ಚು ಚಿಂತೆಯಿದೆ. ಭರಣಿ, ಕೃತ್ತಿಕೆಯ ಮಳೆಗೆ ಮೊದಲು ಬರುವ ಬಿರುಗಾಳಿ ಕಂಪ್ಲಿ, ಹೊಸಪೇಟೆಯ ಸುತ್ತ ಬಾಳೆ ಮಲಗಿಸಿ, ತಗಡು ಹಾರಿಸಿ ಹೋಗುವುದು ನಮಗೆ ಹೊಸತಲ್ಲ. ಅರ್ಧ ಮಿಲಿಮೀಟರ್ ದಪ್ಪದ ತಗಡಿನ ತೂಕ ಚದರ ಮೀಟರಿಗೆ ನಾಲ್ಕು ಕಿಲೋ. ಮೇಲೆ ಹೇಳಿದ ಐವತ್ತು ವರ್ಷದ ಗಾಳಿ ತೆರೆದ ಬಾಗಿಲಿನಿಂದ ನುಗ್ಗಿದರೆ ಒಳಗಿನಿಂದ ಒತ್ತುವ ಬಲವೊಂದೇ ಚದರ ಮೀಟರಿಗೆ 65 ಕಿಲೋ. ತಗಡಿನ ಮೇಲೆ ಕಲ್ಲು ಹೇರಿದರೆ ಸಾಕೆಂಬ ರೂಢಿ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ, ಮೇಲಾಗಿ ಆ ಕಲ್ಲೇ ಕೆಳಗೆ ಮಲಗಿದವರ ಮೇಲೆ ಬೀಳುತ್ತದೆ. ಕಲ್ಲು ಇಳಿಸಿ. ತಗಡನ್ನು ಜೆ ಬೋಲ್ಟಿನಿಂದಲೋ ತಿರುಪಿನಿಂದಲೋ ಅಗಲ ವಾಷರ್ ಹಾಕಿ ಅಡ್ಡಪಟ್ಟಿಗೆ ಬಿಗಿಸಿ. ಸೂರಿನ ಅಂಚು, ಮೂಲೆ, ನೆತ್ತಿಯ ಸಾಲಿನಲ್ಲಿ ಅಂತರ ಅರ್ಧಕ್ಕೆ ಇಳಿಸಿ, ಗಾಳಿಯ ಸೆಳೆತ ಅಲ್ಲೇ ಹೆಚ್ಚು. 1974ರ ಕ್ರಿಸ್‌ಮಸ್ ದಿನ ‘ಟ್ರೇಸಿ’ ಚಂಡಮಾರುತ ಆಸ್ಟ್ರೇಲಿಯಾದ ಡಾರ್ವಿನ್ ನಗರವನ್ನು ಹಾಳುಗೆಡವಿದಾಗ ಚಾವಣಿಯ ತಗಡುಗಳು ತಿರುಪಿನ ಸುತ್ತ ಬಡಿದೂ ಬಡಿದೂ ಸೀಳಿದ್ದವು. ತಿರುಪು ಉಳಿದಿತ್ತು, ತಗಡು ಹೋಗಿತ್ತು. ಅಗಲ ವಾಷರ್ ಬೇಕೆನ್ನುವುದು ಆ ಅನುಭವದಿಂದ. ಅಡ್ಡಪಟ್ಟಿಯನ್ನು ಗೋಡೆಗೆ, ಗೋಡೆಯಲ್ಲಿ ಹೂತ ಕಬ್ಬಿಣದ ಸರಳಿನಿಂದ ಕಟ್ಟಿಸಿ. ತಗಡಿನಿಂದ ತಳಪಾಯದವರೆಗೆ ಎಲ್ಲಿಯೂ ಕೊಂಡಿ ತಪ್ಪಬಾರದು.

ಸಂಡೂರು, ತೋರಣಗಲ್ಲು ಕಡೆ ಶೆಡ್ಡು, ತಾರಸಿಯ ಸೋಲಾರ್ ಫಲಕ ಹೆಚ್ಚುತ್ತಿವೆ; ಹಿಡಿತದ ಮಾತು ಅವಕ್ಕೂ ಸಲ್ಲುತ್ತದೆ. ಸೋಲಾರ್ ಫಲಕದ ಗಾಜಿಗೆ ಆಲಿಕಲ್ಲಿನ ಪರೀಕ್ಷೆ ಈಗಾಗಲೇ ಇದೆ. ಐಇಸಿ 61215 ಮಾನದಂಡದಲ್ಲಿ 25 ಮಿಲಿಮೀಟರಿನ ಮಂಜುಗಡ್ಡೆಯ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹನ್ನೊಂದು ಕಡೆ ಹೊಡೆದು ನೋಡುತ್ತಾರೆ. ಫಲಕ ತಾಳುತ್ತದೆ, ಆದರೆ ಅದನ್ನು ಹೊತ್ತ ಸ್ಟ್ಯಾಂಡು ತಾರಸಿಗೆ ಬರೀ ಇಟ್ಟಿಗೆಯ ಭಾರದಲ್ಲಿ ನಿಂತಿದ್ದರೆ ಇಡೀ ಫಲಕವೇ ಹಾರುವ ಹಲಗೆಯಾಗುತ್ತದೆ.

ಮಯಾಮಿಯ ಕಿಟಕಿಗೆ ಬಡಿದದ್ದು ಪಕ್ಕದ ಮನೆಯ ಚಾವಣಿ ಎಂದೆನಲ್ಲ, ನಮ್ಮ ಓಣಿಗೂ ಆ ಮಾತು ಸಲ್ಲುತ್ತದೆ. ನಿಮ್ಮ ಗಾಜಿಗೆ ಬರುವ ಪೆಟ್ಟು ಹೊರಡುವುದು ನೆರೆಯವರ ಸಡಿಲ ತಗಡಿನಿಂದ, ಮುಚ್ಚಳ ಕಟ್ಟದ ನೀರಿನ ಟ್ಯಾಂಕಿನಿಂದ, ಒಣಗಿದ ತೆಂಗಿನ ಗರಿಯಿಂದ, ಅಂಗಡಿಯ ಬೋರ್ಡಿನಿಂದ. ‘ಸೈಕ್ಲೋನ್ ಪ್ರೂಫ್’ ಕಿಟಕಿಗೆ ಕೊಡಬೇಕೆಂದಿದ್ದ ಹೆಚ್ಚುವರಿ ಹಣದಲ್ಲಿ ಒಂದು ಪಾಲನ್ನು ಒಳ್ಳೆಯ ತಿರುಪಿಗೂ ಲ್ಯಾಮಿನೇಟೆಡ್ ಗಾಜಿಗೂ ಇಡಿ, ಇನ್ನೊಂದು ಪಾಲನ್ನು ಮಾವನವರ ತಗಡಿಗೆ ಇಡಿ. ಯುಗಾದಿ ಕಳೆದ ವಾರದಲ್ಲಿ ಓಣಿಯ ನಾಲ್ಕು ಮನೆಯವರು ಸೇರಿ ಒಬ್ಬ ಫಿಟ್ಟರನ್ನು ಕರೆಸಿ ಎಲ್ಲರ ತಗಡನ್ನೂ ಬಿಗಿಸಿಬಿಟ್ಟರೆ, ಆ ಬೇಸಿಗೆಯಲ್ಲಿ ನಾಲ್ಕೂ ಮನೆಯ ಕಿಟಕಿಗಳಿಗೆ ಅದಕ್ಕಿಂತ ದೊಡ್ಡ ರಕ್ಷಣೆಯನ್ನು ಯಾವ ಕಂಪನಿಯೂ ಮಾರಲಾರದು.